ಅಲೆಯ ತಲೆ ಕತ್ತರಿಸುವ ಕಲೆ

ಹೋದ ತಿಂಗಳ ಒಂದು ಭಾನುವಾರ ಅಕ್ಕನ ಮಗ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು, ಕೈಯಲ್ಲೊಂದು ರಟ್ಟಿನ ಡಬ್ಬಿ ಹಿಡಿದು ಮನೆಗೆ ಬಂದ. ಡಬ್ಬಿಯೊಳಗೆ ಒಂದು ಬ್ರೆಡ್‌ಬೋರ್ಡ್. ಅದರ ಮೇಲೆ ಎಂಟು ಕಾಲಿನ ಒಂದು ಐಸಿ, ಏಳೆಂಟು ರೆಸಿಸ್ಟರ್, ನಾಲ್ಕೈದು ಕೆಪಾಸಿಟರ್, ಗಾಜಿನ ಮೈಯ ಎರಡು ಪುಟ್ಟ ಡಯೋಡ್, ಎರಡು ನಾಬ್, ಪಕ್ಕದಲ್ಲಿ ಒಂದು 9 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಕೂಡಿಸಿದ ಸಾಮಾನು.

ಆ್ಯಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿದ. ತೆಳು ತಂತಿಗಳ ಮೇಲೆ ಸದ್ದು ಗರಗರನೆ ತುಂಬಿಕೊಂಡು ಬಂತು, ಸ್ವರ ಬಹಳ ಹೊತ್ತು ನಿಂತಿತು. ದಪ್ಪ ತಂತಿಗಳಿಗೆ ಇಳಿದ ಕೂಡಲೇ ಅದೇ ಸದ್ದು ಬಡಕಲಾಯಿತು.

"ಕೇಳಿದ್ಯಾ ಮಾಮ? ದಪ್ಪ ತಂತಿಯಲ್ಲಿ ಗಟ್ಟಿತನಾನೇ ಇಲ್ಲ. ನಕ್ಷೆಯಲ್ಲಿ ಇದ್ದ ಹಾಗೇ ಹಾಕಿದೀನಿ. ಇನ್‌ಪುಟ್ ಕೆಪಾಸಿಟರ್ ದೊಡ್ಡದು ಮಾಡಿ ನೋಡ್ದೆ, ಏನೂ ಆಗ್ಲಿಲ್ಲ."

"ಅದನ್ನೇ ಯಾಕೋ ಬದಲಾಯಿಸಿದೆ?"

"ಫ್ರೆಂಡ್ ಒಬ್ಬ ಹೇಳ್ದ."

ನಕ್ಷೆ ನೋಡಿ ಸರ್ಕ್ಯೂಟ್ ಕಟ್ಟುವುದು ಒಂದು ವಿದ್ಯೆ. ನಕ್ಷೆಯಲ್ಲಿ 47 ಎಂದು ಬರೆದ ಕಡೆ 47 ಯಾಕೆ, 100 ಯಾಕಿಲ್ಲ ಎಂದು ಕೇಳಿ ಉತ್ತರ ಹುಡುಕುವುದು ಇನ್ನೊಂದು. ಮೊದಲನೆಯದು ಬಂದವರು ಸಾಕಷ್ಟು ಮಂದಿ ಇದ್ದಾರೆ. ಎರಡನೆಯದಕ್ಕೆ ಕೈಹಾಕಿದವರು ಕಡಿಮೆ, ಏಕೆಂದರೆ ಅದು ಕಷ್ಟವೆಂಬ ಭಯ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು ಎಂಬುದು ನನ್ನ ಅನುಭವ. ಆ ಸಂಜೆ ನಾವಿಬ್ಬರೂ ಅದಕ್ಕೇ ಕೂತೆವು.

ದೋಷದಿಂದ ಹುಟ್ಟಿದ ನಾದ

ಡಿಸ್ಟಾರ್ಷನ್ ಎಂದರೆ ವಿರೂಪ. ಒಳಗೆ ಹೋದ ಅಲೆಯ ಆಕಾರ ಹೊರಗೆ ಬರುವಾಗ ಬದಲಾಗಿರುವುದು. ರೇಡಿಯೊ, ಆ್ಯಂಪ್ಲಿಫೈಯರ್ ತಯಾರಿಸುವವರು ಬಹುಕಾಲ ಇದನ್ನು ತಪ್ಪಿಸುವುದಕ್ಕೇ ದುಡಿದರು. ಗಿಟಾರ್ ನುಡಿಸುವವರು ಮಾತ್ರ ಅದರಲ್ಲಿ ಬೇರೇನನ್ನೋ ಕೇಳಿಸಿಕೊಂಡರು.

1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡನ್ನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಿಸುವಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ನಾದ ಒಡೆದು, ಕರ್ಕಶವಾಗಿ ಟೇಪಿಗೆ ಇಳಿಯಿತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು. ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಅದೇ ಸದ್ದನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಹುಟ್ಟಿಸುವ ಸರ್ಕ್ಯೂಟ್ ರೂಪಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮಾಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಆ ನಾದ ಜಗತ್ತಿನ ಕಿವಿಗೆ ಬಿತ್ತು. ಕಾಲಿನಿಂದ ಒತ್ತಿ ಚಾಲೂ ಮಾಡುವ ಇಂಥ ಪೆಟ್ಟಿಗೆಗಳನ್ನೇ ಇವತ್ತು ಪೆಡಲ್ ಎನ್ನುತ್ತೇವೆ.

ನಮ್ಮ ಹುಡುಗ ಕಟ್ಟಿದ್ದು 1970ರ ದಶಕದ ಒಂದು ಪೆಡಲ್‌ನ ಸರ್ಕ್ಯೂಟ್: ಅಮೆರಿಕದ ರಾಚೆಸ್ಟರ್‌ನಲ್ಲಿ ಶುರುವಾದ ಎಂಎಕ್ಸ್‌ಆರ್ ಕಂಪನಿಯ ಡಿಸ್ಟಾರ್ಷನ್ ಪ್ಲಸ್. ಓಜಿ ಆಸ್ಬೋರ್ನ್ ಜೊತೆ ನುಡಿಸುತ್ತಿದ್ದ ರ‍್ಯಾಂಡಿ ರೋಡ್ಸ್ ಬಳಸಿದ್ದು ಇದನ್ನೇ. ಕೈಯಿಂದ ಕಟ್ಟಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇದರಲ್ಲಿ ಸುಮ್ಮನೆ ಕೂತ ಬಿಡಿಭಾಗ ಒಂದೂ ಇಲ್ಲ.

ತಂಬೂರಿಯ ನೂಲು

ವಿರೂಪಗೊಂಡ ನಾದ ಕಿವಿಗೆ ಯಾಕೆ ಹಿತವಾಗುತ್ತದೆ? ಇದನ್ನು ವಿವರಿಸಲು ನಾನು ಹುಡುಗನಿಗೆ ತಂಬೂರಿಯನ್ನು ನೆನಪಿಸಿದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಎಳೆ ನೂಲು ಇರುತ್ತದೆ. ಅದೇ ಜೀವಾಳಿ. ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ಸರಿಯಾದ ಜಾಗಕ್ಕೆ ತಂದಾಗ ಮಂಕಾಗಿದ್ದ ತಂತಿ ಜುಂಯ್ ಎಂದು ಅರಳುತ್ತದೆ. ಬಾಗಿದ ಕುದುರೆಯನ್ನು ತಂತಿ ಸವರಿಕೊಂಡು ಕಂಪಿಸುವುದರಿಂದ ಮೂಲ ಸ್ವರದ ಜೊತೆಗೆ ಹಲವು ಉಪಸ್ವರಗಳು ಏಳುತ್ತವೆ. ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರ ನಿಶ್ಚಲವಾಗಿರಬೇಕೋ ಅದು ಹುಟ್ಟಲಾರದು ಎಂಬುದು ತಂತಿವಾದ್ಯಗಳ ಹಳೆಯ ನಿಯಮ. ತಂಬೂರಿ, ವೀಣೆಗಳು ಈ ನಿಯಮವನ್ನು ಮೀರುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು.

ಡಿಸ್ಟಾರ್ಷನ್ ಸರ್ಕ್ಯೂಟ್ ಮಾಡುವುದೂ ಉಪಸ್ವರಗಳನ್ನು ಎಬ್ಬಿಸುವ ಕೆಲಸವನ್ನೇ, ವಿದ್ಯುತ್ತಿನ ದಾರಿಯಲ್ಲಿ. ಗಿಟಾರಿನ ಐದನೇ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದನ್ನು ಷಡ್ಜ ಎಂದುಕೊಳ್ಳಿ. ಆ ಅಲೆಯ ಮೇಲಿನ ತಲೆಯನ್ನೂ ಕೆಳಗಿನ ತಲೆಯನ್ನೂ ಸಮನಾಗಿ ಕತ್ತರಿಸಿದರೆ ಮೂರು ಪಟ್ಟಿನ 330, ಐದು ಪಟ್ಟಿನ 550 ಹೀಗೆ ಬೆಸಸಂಖ್ಯೆಯ ಉಪಸ್ವರಗಳು ಹುಟ್ಟುತ್ತವೆ. ಸಂಗೀತ ಬಲ್ಲವರಿಗೆ ಲೆಕ್ಕ ತಕ್ಷಣ ಹೊಳೆಯುತ್ತದೆ: 330 ಅಂದರೆ ಮೇಲಿನ ಸ್ಥಾಯಿಯ ಪಂಚಮ, 550 ಅಂದರೆ ಅದರ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ ಇದೇ. ಒಂದು ತಲೆಯನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಕತ್ತರಿಸಿದರೆ 220, 440ರಂಥ ಸಮಸಂಖ್ಯೆಯವೂ ಸೇರಿಕೊಳ್ಳುತ್ತವೆ.

ರಾಕ್ ಗಿಟಾರಿಗರು ಡಿಸ್ಟಾರ್ಷನ್ ಹಾಕಿದಾಗ ಪೂರ್ಣ ಸ್ವರಮೇಳ ಬಿಟ್ಟು ಬರೀ ಷಡ್ಜ–ಪಂಚಮಗಳ ಪವರ್ ಕಾರ್ಡ್ ಹಿಡಿಯುವುದಕ್ಕೂ ಕಾರಣ ಇಲ್ಲೇ ಇದೆ. ಎರಡು ಸ್ವರ ಒಟ್ಟಿಗೆ ಕತ್ತರಿಗೆ ಸಿಕ್ಕಿದಾಗ ಅವುಗಳ ಕೂಡು, ಕಳೆಗಳಿಂದ ಹೊಸ ಸ್ವರಗಳು ಹುಟ್ಟುತ್ತವೆ. 110 ಮತ್ತು 165 ಸೇರಿದರೆ ಹುಟ್ಟುವ 55, 220, 275 ಎಲ್ಲವೂ ಅದೇ ಕುಟುಂಬದವು. ಗಾಂಧಾರವನ್ನೂ ಸೇರಿಸಿದರೆ, ಗಿಟಾರಿನ ಸಮಪಾಲು ಶ್ರುತಿಯಲ್ಲಿ ಹೊಸ ಸ್ವರಗಳು ಒಂದಕ್ಕೊಂದು ಕೂಡದೆ ಸದ್ದು ರಾಡಿಯಾಗುತ್ತದೆ. ಸ–ಪ ಹಿಡಿದು ನಿಲ್ಲುವ ತಂಬೂರಿಯೂ ಪವರ್ ಕಾರ್ಡ್ ಹಿಡಿವ ಗಿಟಾರೂ ಒಂದೇ ಗಣಿತಕ್ಕೆ ತಲೆಬಾಗಿವೆ.

ಹಿಗ್ಗಿಸು, ಕತ್ತರಿಸು

ಈಗ ಬ್ರೆಡ್‌ಬೋರ್ಡಿಗೆ ಬರೋಣ. ಐಸಿಯ ಹೆಸರು 741. ಸಂಕೇತವನ್ನು ಹಿಗ್ಗಿಸುವ ಆಪ್‌ಆ್ಯಂಪ್. ಮೂರನೇ ಕಾಲಿಗೆ ಗಿಟಾರಿನ ಸಂಕೇತ, ಆರನೇ ಕಾಲಿನಿಂದ ಹೊರಗೆ. ಏಳನೆಯದಕ್ಕೆ 9 ವೋಲ್ಟ್, ನಾಲ್ಕನೆಯದು ನೆಲ, ಅಂದರೆ ಗ್ರೌಂಡ್. ಗಿಟಾರಿನ ಅಲೆ ಮೇಲೆಯೂ ಹೋಗಬೇಕು, ಕೆಳಗೂ ಇಳಿಯಬೇಕು. ಬ್ಯಾಟರಿ ಒಂದೇ ಆದ್ದರಿಂದ ಎರಡು ಸಮಾನ ರೆಸಿಸ್ಟರುಗಳಿಂದ 9 ವೋಲ್ಟನ್ನು ಅರ್ಧ ಮಾಡಿ, 4.5 ವೋಲ್ಟನ್ನು ಅಲೆಯ ನಡುಗೆರೆಯಾಗಿ ಇಟ್ಟಿರುತ್ತಾರೆ.

ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದನ್ನು ಐಸಿ ತಾನಾಗಿ ತೀರ್ಮಾನಿಸುವುದಿಲ್ಲ. ಹೊರಗಿನ ಎರಡು ರೆಸಿಸ್ಟರುಗಳ ಅನುಪಾತ ಅದನ್ನು ನಿರ್ಧರಿಸುತ್ತದೆ. ಆರನೇ ಕಾಲಿನಿಂದ ಎರಡನೇ ಕಾಲಿಗೆ ಮರಳುವ ದಾರಿಯಲ್ಲಿ 1 ಮೆಗಾಓಮ್, ಎರಡನೇ ಕಾಲಿನಿಂದ ನೆಲದ ಕಡೆಗೆ 4.7 ಕಿಲೋಓಮ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದು ಕೂಡಿಸಿ: ಸುಮಾರು 214. ಇದೇ ಗರಿಷ್ಠ ವರ್ಧನೆ. 4.7 ಕಿಲೋಓಮ್‌ನ ಜೊತೆ ಸಾಲಾಗಿ 500 ಕಿಲೋಓಮ್‌ನ ಡಿಸ್ಟಾರ್ಷನ್ ನಾಬ್ ಇದೆ. ಅದನ್ನು ಪೂರ್ತಿ ಇಳಿಸಿದರೆ ವರ್ಧನೆ ಸುಮಾರು 3ಕ್ಕೆ ಬರುತ್ತದೆ.

ಗಿಟಾರಿನಿಂದ 0.1 ವೋಲ್ಟ್ ಸಂಕೇತ ಬಂತು ಎನ್ನಿ. 214 ಪಟ್ಟು ಅಂದರೆ 21 ವೋಲ್ಟಿಗೂ ಮೀರಿತು. ಬ್ಯಾಟರಿಯೇ 9 ವೋಲ್ಟಿನದು. ಹಾಗಾಗಿ ಅಲೆ ಐಸಿಯೊಳಗೇ ಛಾವಣಿಗೆ ತಲೆ ಬಡಿದುಕೊಳ್ಳುತ್ತದೆ. ಅಲ್ಲಿಂದ ಹೊರಬಂದು 10 ಕಿಲೋಓಮ್ ದಾಟಿದರೆ ಆ ಎರಡು ಡಯೋಡುಗಳು ಕಾದಿವೆ. ಒಂದರ ಮುಖ ಒಂದು ಕಡೆಗೆ, ಇನ್ನೊಂದರ ಮುಖ ಅದಕ್ಕೆ ವಿರುದ್ಧ. ಇವು ಜರ್ಮೇನಿಯಂನವು; ಇಂಥ ಡಯೋಡ್ ಸುಮಾರು 0.3 ವೋಲ್ಟಿಗೇ ಬಾಗಿಲು ತೆರೆದು ಹೆಚ್ಚುವರಿಯನ್ನು ನೆಲಕ್ಕೆ ಇಳಿಸುತ್ತದೆ. ಅಲೆ ಎಷ್ಟೇ ಎತ್ತರದಿಂದ ಬಂದರೂ ಅದರ ಆಚೆ ಉಳಿಯುವುದು ಅಷ್ಟೇ ಎತ್ತರ. ತಂತಿಯ ಕಂಪನ ಕುಗ್ಗುತ್ತಾ ಹೋದರೂ ಹಿಗ್ಗಿದ ಅಲೆ 0.3 ವೋಲ್ಟಿಗಿಂತ ಹೆಚ್ಚಿರುವ ತನಕ ಹೊರಗಿನ ಸದ್ದು ಇಳಿಯುವುದಿಲ್ಲ. ಸ್ವರ ಬಹಳ ಹೊತ್ತು ನಿಂತಂತೆ ಕೇಳುವುದು ಇದರಿಂದಲೇ.

ಮಂದ್ರ ಎಲ್ಲಿ ಹೋಯಿತು?

ಈಗ ಹುಡುಗನ ಪ್ರಶ್ನೆ. ಅವನು ಅನುಮಾನಪಟ್ಟ ಇನ್‌ಪುಟ್ ಕೆಪಾಸಿಟರ್ 10 ನ್ಯಾನೋಫ್ಯಾರಡ್‌ನದು. ಅದರ ಮುಂದೆ 1 ಮೆಗಾಓಮ್ ಇದೆ. ಕೆಪಾಸಿಟರ್ ಮತ್ತು ರೆಸಿಸ್ಟರ್ ಜೋಡಿ ಯಾವ ಕಂಪನಸಂಖ್ಯೆಯಿಂದ ಕೆಳಗಿನದನ್ನು ತಡೆಯುತ್ತದೆ ಎಂದು ತಿಳಿಯಲು ಒಂದೇ ಸೂತ್ರ: ಎರಡರ ಗುಣಲಬ್ಧವನ್ನು 6.28ರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸುವುದು. ಇಲ್ಲಿ ಬರುವ ಉತ್ತರ ಸುಮಾರು 16 ಹರ್ಟ್ಸ್. ಗಿಟಾರಿನ ಅತಿ ದಪ್ಪ ತಂತಿಯೇ 82 ಹರ್ಟ್ಸ್. ಅಂದಮೇಲೆ ಈ ಬಾಗಿಲು ಮೊದಲೇ ಅಗಲವಾಗಿ ತೆರೆದಿದೆ, ಅದನ್ನು ಇನ್ನಷ್ಟು ಅಗಲ ಮಾಡಿದರೆ ಬರುವುದೇನೂ ಇಲ್ಲ.

"ಹಾಗಾದ್ರೆ ಇನ್ನೆಲ್ಲಿ ಮಾಮ?"

4.7 ಕಿಲೋಓಮ್‌ನ ಬುಡದಲ್ಲಿ, ನೆಲಕ್ಕೆ ಸೇರುವ ಮುನ್ನ, ಮೈಮೇಲೆ 473 ಎಂದು ಬರೆದ ಪುಟ್ಟ ಕೆಪಾಸಿಟರ್ ಕೂತಿತ್ತು. 47ರ ಮುಂದೆ ಮೂರು ಸೊನ್ನೆ ಪಿಕೋಫ್ಯಾರಡ್, ಅಂದರೆ 47 ನ್ಯಾನೋಫ್ಯಾರಡ್. ಅದೇ ಸೂತ್ರವನ್ನು ಅವನ ಕೈಯಲ್ಲೇ ಹಾಕಿಸಿದೆ. 720 ಹರ್ಟ್ಸ್ ಬಂತು. ಗಿಟಾರಿನ ಅತಿ ತೆಳು ತಂತಿಯನ್ನು ಹನ್ನೆರಡನೇ ಮನೆಯಲ್ಲಿ ಒತ್ತಿದರೂ 659 ಹರ್ಟ್ಸ್. ಅಂದರೆ ನಾಬ್ ಪೂರ್ತಿ ಏರಿಸಿದಾಗ ಗಿಟಾರಿನ ಬಹುತೇಕ ಮೂಲಸ್ವರಗಳು ಈ ಗಡಿಯ ಕೆಳಗೇ ಬೀಳುತ್ತವೆ. ಮೇಲಿನ ಕಂಪನಗಳಿಗೆ 214 ಪಟ್ಟು ಹಿಗ್ಗು ಸಿಗುವಾಗ 82 ಹರ್ಟ್ಸಿನ ದಪ್ಪ ತಂತಿಗೆ ಸಿಗುವುದು ಸುಮಾರು 24 ಪಟ್ಟು ಮಾತ್ರ.

ಕಳೆದುಹೋದ ಗಟ್ಟಿತನದ ವಿಳಾಸ ಸಿಕ್ಕಿತು. ಜೊತೆಗೆ ಇನ್ನೊಂದು ಸೂಕ್ಷ್ಮವೂ ಕಂಡಿತು. ನಾಬ್ ಇಳಿಸಿದಾಗ ರೆಸಿಸ್ಟೆನ್ಸ್ 4.7ರಿಂದ 500 ಕಿಲೋಓಮ್ ಕಡೆಗೆ ಏರುತ್ತದೆ. ಗಡಿ 720ರಿಂದ ಜಾರಿ 7 ಹರ್ಟ್ಸ್ ಸಮೀಪಕ್ಕೆ ಬರುತ್ತದೆ. ಒಂದೇ ನಾಬ್ ಎರಡು ಕೆಲಸ ಮಾಡುತ್ತಿದೆ: ಏರಿಸಿದಂತೆ ಸದ್ದನ್ನು ಹೆಚ್ಚು ಕತ್ತರಿಸುತ್ತದೆ, ಜೊತೆಜೊತೆಗೆ ಕೆಳಗಿನ ಸ್ವರಗಳಿಗೆ ಸಿಗುವ ಪಾಲನ್ನೂ ತಗ್ಗಿಸುತ್ತದೆ. ನಾಬ್ ಅರ್ಧದಲ್ಲಿದ್ದಾಗ ಈ ತೊಂದರೆ ಅಷ್ಟಾಗಿ ಕಾಣದೆ ಇರುವುದು ಇದಕ್ಕೇ.

473 ಕಿತ್ತು ಮೊದಲು 104 ಹಾಕಿದೆವು, ಅಂದರೆ 100 ನ್ಯಾನೋಫ್ಯಾರಡ್. ಗಡಿ ಸುಮಾರು 340 ಹರ್ಟ್ಸಿಗೆ ಇಳಿಯಿತು, ದಪ್ಪ ತಂತಿಗೆ 50 ಪಟ್ಟು ಸಿಕ್ಕಿತು. ಹುಡುಗ ಒಂದು ಸಲ ಮೀಟಿ ತಲೆಯೆತ್ತಿ ನೋಡಿದ. ಆಮೇಲೆ 224 ಹಾಕಿದೆವು. ಈಗ 100 ಪಟ್ಟು. ಒಂದೊಂದೇ ಸ್ವರ ನುಡಿಸಿದಾಗ ಭರ್ಜರಿಯಾಗಿತ್ತು, ಎರಡು ಮೂರು ತಂತಿ ಒಟ್ಟಿಗೆ ಎಳೆದಾಗ ಕಲಸಿ ಹೋಯಿತು. ಅವನು ತಾನಾಗಿಯೇ 104ಕ್ಕೆ ವಾಪಸು ಬಂದ.

ಡಯೋಡ್, ಐಸಿ, ಕೊನೆಯ ಕೆಪಾಸಿಟರ್

ಮುಂದಿನ ಪ್ರಯೋಗ ಡಯೋಡುಗಳದು. ಹಳೆಯ ಎಎಂ ರೇಡಿಯೊಗಳಲ್ಲಿ ಡಿಟೆಕ್ಟರ್ ಆಗಿ ಕೂತಿರುತ್ತಿದ್ದ ಜರ್ಮೇನಿಯಂ ಡಯೋಡ್ ಬೇಗ, ಮೆಲ್ಲಗೆ ಬಾಗಿಲು ತೆರೆಯುತ್ತದೆ. ಕತ್ತರಿಸಿದ ಅಂಚು ನಯವಾಗಿರುತ್ತದೆ, ಸದ್ದಿನ ಮಟ್ಟ ಕಡಿಮೆ. ಸಿಲಿಕಾನಿನ 1ಎನ್4148 ತೆರೆಯುವುದು ಸುಮಾರು 0.6 ವೋಲ್ಟಿಗೆ. ಅಂಚು ಚೂಪು, ಅಲೆ ಸುಮಾರು ಎರಡು ಪಟ್ಟು ಎತ್ತರ. ಕೆಂಪು ಎಲ್‌ಇಡಿ ಹಾಕಿದರೆ 1.7 ವೋಲ್ಟ್ ತನಕ ಅಲೆಗೆ ಅವಕಾಶ. ಆಗ ಬೆರಳಿನ ಮೆಲುಪು, ಬಿರುಸು ಎರಡೂ ಹೆಚ್ಚು ಉಳಿದುಕೊಳ್ಳುತ್ತವೆ. ಒಂದು ಕಡೆ ಒಂದು ಸಿಲಿಕಾನ್, ಇನ್ನೊಂದು ಕಡೆ ಸಾಲಾಗಿ ಎರಡು ಹಾಕಿದರೆ ಅಲೆಯ ಎರಡು ತಲೆಗಳಿಗೆ ಬೇರೆ ಬೇರೆ ಎತ್ತರ ಸಿಕ್ಕಿ, ಮೇಲೆ ಹೇಳಿದ ಸಮಸಂಖ್ಯೆಯ ಉಪಸ್ವರಗಳು ಬೆರೆಯುತ್ತವೆ.

ಅದೇ ಡಯೋಡುಗಳನ್ನು ನೆಲದ ದಾರಿಯಿಂದ ಎಬ್ಬಿಸಿ 1 ಮೆಗಾಓಮ್‌ಗೆ ಸಮಾನಾಂತರವಾಗಿ ಕೂರಿಸಿದರೆ ಇನ್ನೊಂದು ಪ್ರಸಿದ್ಧ ಕುಟುಂಬದ ಹೊಸಿಲು ದಾಟಿದ ಹಾಗೆ. ಜಪಾನಿನ ಐಬನೇಜ್ ಟ್ಯೂಬ್ ಸ್ಕ್ರೀಮರ್ ಪೆಡಲ್ ಈ ಕ್ರಮದ್ದು. ಅಲ್ಲಿ ಡಯೋಡ್ ತೆರೆದಾಗ ವರ್ಧನೆ ಇಳಿಯುತ್ತದೆಯೇ ಹೊರತು ಅಲೆ ಪೂರ್ತಿ ಚಪ್ಪಟೆಯಾಗುವುದಿಲ್ಲ. ಮೂಲ ಸಂಕೇತದ ಅಂಶವೊಂದು ಹಾಗೇ ದಾಟಿ ಬರುತ್ತದೆ, ಸದ್ದು ಮೆದುವಾಗುತ್ತದೆ.

ಐಸಿಯನ್ನೂ ಬದಲಿಸಬಹುದು. 741ರ ವರ್ಧನೆ ಮತ್ತು ಕಂಪನವ್ಯಾಪ್ತಿಯ ಗುಣಲಬ್ಧ ಸುಮಾರು 10 ಲಕ್ಷ ಹರ್ಟ್ಸ್. ಅದನ್ನು 214ರಿಂದ ಭಾಗಿಸಿದರೆ 4,700 ಹರ್ಟ್ಸ್ ಸಮೀಪ. ಅದರ ಮೇಲಿನದನ್ನು ಹಿಡಿಯಲು ಐಸಿ ಸೋಲುತ್ತದೆ, ಆ ಸೋಲೇ ಈ ಪೆಡಲಿನ ಬೆಚ್ಚನೆಯ ಗುಣದಲ್ಲಿ ಪಾಲು ಪಡೆದಿದೆ. ಅದೇ ಕಾಲುಗಳ ಜೋಡಣೆಯ ಟಿಎಲ್071 ಸುಮಾರು ಮೂರು ಪಟ್ಟು ಚುರುಕು. ಹಾಕಿದರೆ ಸದ್ದು ಹೊಳಪಾಗುತ್ತದೆ, ಕೆಲವರ ಕಿವಿಗೆ ಚುಚ್ಚುತ್ತದೆ. ಚುಚ್ಚಿದರೆ ಡಯೋಡುಗಳ ಪಕ್ಕದ 1 ನ್ಯಾನೋಫ್ಯಾರಡ್ ಕೆಪಾಸಿಟರ್ ನೋಡಿ. 10 ಕಿಲೋಓಮ್ ಜೊತೆ ಸೇರಿ ಅದು 16,000 ಹರ್ಟ್ಸ್ ಮೇಲಿನದನ್ನಷ್ಟೇ ಸವರುತ್ತದೆ. ಅದನ್ನು 4.7 ನ್ಯಾನೋ ಮಾಡಿದರೆ ಗಡಿ 3,400ರ ಹತ್ತಿರ ಇಳಿದು ಕರ್ಕಶತೆ ಮಣಿಯುತ್ತದೆ.

ಕಿವಿಗೆ ಶಿಸ್ತು

ಇಷ್ಟೆಲ್ಲ ಬದಲಿಸುವ ಉತ್ಸಾಹದಲ್ಲಿ ಎರಡು ನಿಯಮಗಳನ್ನು ಬಿಡಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು. ಎರಡು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವವರಿಲ್ಲ. ಎರಡನೆಯದು, ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳುವುದು. ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಎಲ್ಲರಿಗೂ ಸುಳ್ಳು ಹೇಳುತ್ತದೆ. ಸಿಲಿಕಾನ್ ಡಯೋಡ್ ಗೆದ್ದಂತೆ ಅನ್ನಿಸುವುದು ಎಷ್ಟೋ ಸಲ ಅದರ ಎತ್ತರದಿಂದ ಮಾತ್ರ.

ಸದ್ದೇ ಬಾರದಿದ್ದರೆ ಗಾಬರಿ ಬೇಡ. ಮಲ್ಟಿಮೀಟರ್ ತೆಗೆದು ಏಳನೇ ಕಾಲಿನಲ್ಲಿ 9, ಆರನೆಯದರಲ್ಲಿ 4.5 ವೋಲ್ಟ್ ಆಸುಪಾಸು ಇದೆಯೇ ನೋಡಿ. ಆರನೇ ಕಾಲು ಮೇಲಕ್ಕೋ ಕೆಳಕ್ಕೋ ಅಂಟಿಕೊಂಡಿದ್ದರೆ ಅರ್ಧ ವೋಲ್ಟೇಜಿನ ದಾರಿ ಎಲ್ಲೋ ಕಡಿದಿರಬಹುದು. ಮೂರನೇ ಕಾಲಿನಲ್ಲಿ ಸ್ವಲ್ಪ ಕಡಿಮೆ ತೋರಿಸಿದರೆ ಅದು ಮೀಟರ್ ತಾನೇ ಹೇರಿದ ಭಾರ, ದೋಷವಲ್ಲ. ಆಮೇಲೆ ಆ್ಯಂಪ್ಲಿಫೈಯರಿಗೆ ಹೋಗುವ ವೈರಿನ ತುದಿಗೆ 104 ಕೆಪಾಸಿಟರ್ ಕಟ್ಟಿ, ಗಿಟಾರ್ ನುಡಿಸುತ್ತಾ ಇನ್‌ಪುಟ್‌ನಿಂದ ಒಂದೊಂದೇ ಬಿಂದುವನ್ನು ಮುಟ್ಟುತ್ತಾ ಬನ್ನಿ. ಸದ್ದು ಎಲ್ಲಿ ನಿಂತಿತೋ ತಪ್ಪು ಅದರ ಹಿಂದಿನ ಹೆಜ್ಜೆಯಲ್ಲಿದೆ. ಕೆಲಸ ಮುಗಿದ ಮೇಲೆ ಲೋಹದ ಡಬ್ಬಿಯೊಳಗೆ ಕೂರಿಸಿ, ಡಬ್ಬಿಯನ್ನು ನೆಲಕ್ಕೆ ಸೇರಿಸಿ. 200 ಪಟ್ಟು ಹಿಗ್ಗಿಸುವ ಸರ್ಕ್ಯೂಟ್ ಮನೆಯ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಗ್ಗಿಸುತ್ತದೆ.

ಒಂದು ಎಚ್ಚರಿಕೆ. 9 ವೋಲ್ಟ್ ಬ್ಯಾಟರಿಯ ಈ ಆಟದಲ್ಲಿ ಜೀವಕ್ಕೆ ಅಪಾಯವಿಲ್ಲ. ಇದೇ ಧೈರ್ಯದಲ್ಲಿ ವಾಲ್ವ್ ಆ್ಯಂಪ್ಲಿಫೈಯರಿನ ಮುಚ್ಚಳ ತೆಗೆಯಬೇಡಿ. ಅಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ.

ಮತ್ತೆ 473

ಮೂರು ವಾರದ ಮೇಲೆ ಹುಡುಗ ಮತ್ತೆ ಬಂದ. ಈ ಸಲ ಬೆಸುಗೆ ಹಾಕಿ ಮುಗಿಸಿದ ಬೋರ್ಡು, ಅಲ್ಯೂಮಿನಿಯಂ ಡಬ್ಬಿ, ಮೇಲೊಂದು ಕಾಲ್‌ಸ್ವಿಚ್. ಕುತೂಹಲದಿಂದ ಡಬ್ಬಿ ತೆರೆದು ನೋಡಿದೆ. 104 ಇರಬೇಕಾದ ಜಾಗದಲ್ಲಿ 473 ಕೂತಿತ್ತು.

"ಏನೋ ಇದು, ಹಳೇದನ್ನೇ ಹಾಕಿದ್ಯಲ್ಲ?"

"ಬ್ಯಾಂಡ್ ಜೊತೆ ನುಡಿಸಿ ನೋಡ್ದೆ ಮಾಮ. ರೂಮಲ್ಲಿ ಒಬ್ನೇ ಇದ್ದಾಗ 104 ಚೆನ್ನಾಗಿತ್ತು. ಅಲ್ಲಿ ಬೇಸ್ ಗಿಟಾರ್ ಇದೆ, ಡ್ರಮ್ಸ್ ಇದೆ. ಕೆಳಗಿನ ಜಾಗ ಅವರದು. ನಾನೂ ಅಲ್ಲೇ ನುಗ್ಗಿದ್ರೆ ಯಾರ ಸದ್ದೂ ಕೇಳ್ತಿರ್ಲಿಲ್ಲ. 473 ಹಾಕ್ದೆ, ನನ್ನ ಗಿಟಾರ್ ಮೇಲೆದ್ದು ಕೇಳಿಸ್ತು."

ನಕ್ಷೆಯ ಆ ಅಂಕಿ ಎಂಥ ಪ್ರಶ್ನೆಗೆ ಉತ್ತರವಾಗಿರಬಹುದು ಎಂಬುದನ್ನು ಅವನು ತನ್ನ ಕಿವಿಯಿಂದಲೇ ಕಂಡುಕೊಂಡಿದ್ದ. ಡಬ್ಬಿಯ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿದ್ದ. ಕೈಯಿಂದ ಬರೆದ ಸರ್ಕ್ಯೂಟ್ ನಕ್ಷೆ. ಒಂದೊಂದು ಭಾಗದ ಪಕ್ಕದಲ್ಲೂ ಅದರ ಕೆಲಸ ಏನೆಂದು ಸಣ್ಣ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. 473ರ ಪಕ್ಕದಲ್ಲಿ ಹೀಗಿತ್ತು: "ಬೇರೆಯವರಿಗೆ ಜಾಗ ಬಿಡುವುದು. ಒಬ್ಬನೇ ನುಡಿಸುವಾಗ 104."